ರೈಟಕ್ಕನ ನಿಂತ ಬಸ್ಸುಗಳು

ಧಬ್, ಧಬ್.

ತಗಡಿನ ಮೇಲೆ ಅಂಗೈ ಎರಡು ಸಲ ಬೀಳುವ ಸದ್ದು. ಬಸ್ ಡಿಪೋದ ಹಿಂಗೋಡೆಯ ಪಕ್ಕ ಸಾಲಾಗಿ ನಿಂತ ಗುಜರಿ ಬಸ್ಸುಗಳಿಗೆ ಬೆಳಗಾಗುತ್ತಿದ್ದುದು ಈ ಸದ್ದಿನಿಂದ. ಮೊದಲ ಬಸ್ಸಿಗೆ ಬಡಿದು, ಒಳಗಿನಿಂದ ಯಾರಾದರೂ ಕೆಮ್ಮಿಯೋ ಬೈದೋ ಉತ್ತರ ಕೊಡುವವರೆಗೆ ಕಾದು, ಆಮೇಲೆ ಎರಡನೆಯದಕ್ಕೆ. ಬಿಸಿನೀರು ಕಾದಿದೆ, ಪಾತ್ರೆ ತನ್ನಿ ಎಂದು ಅದರ ಅರ್ಥ. ಬೈಗುಳ ಕೇಳಿಸಿದರೆ ಬಡಿದವಳಿಗೆ ಸಮಾಧಾನ. ಬೈಯುವಷ್ಟು ತ್ರಾಣ ಇದ್ದವರು ಅಂದಿನ ಮಟ್ಟಿಗೆ ಚೆನ್ನಾಗಿದ್ದಾರೆ ಎಂದೇ ಅವಳ ಲೆಕ್ಕ.

ಆ ಬಸ್ಸುಗಳಿಗೆ ಚಕ್ರಗಳಿರಲಿಲ್ಲ. ಕೆಲವಕ್ಕೆ ಎಂಜಿನ್ನೂ ಇರಲಿಲ್ಲ. ಓಡಿ ಓಡಿ ದಣಿದು, ಹರಾಜಿಗೆ ಕಾಯುತ್ತ ಇಟ್ಟಿಗೆಗಳ ಮೇಲೆ ಕೂತಿದ್ದ ಅವುಗಳಲ್ಲಿ ಈಗ ಗಡಿಯಂಚಿನ ಹಳ್ಳಿಯೊಂದು ಇಡಿಯಾಗಿ ಬಂದು ಸಂಸಾರ ಹೂಡಿತ್ತು. ಗಂಟುಮೂಟೆ ಇಡುವ ಕಂಬಿಗಳ ಮೇಲೆ ಪಾತ್ರೆಗಳು, ನಿಂತವರು ಹಿಡಿದುಕೊಳ್ಳುವ ಸರಳಿಗೆ ಕಟ್ಟಿದ ಬಟ್ಟೆಯ ಪರದೆಗಳು, ಡ್ರೈವರ್ ಸೀಟಿನಲ್ಲಿ ದಿನವಿಡೀ ಸರದಿಯ ಮೇಲೆ ಮಕ್ಕಳು. ಅಲುಗದ ಆ ಬಸ್ಸುಗಳಲ್ಲಿ ಮಕ್ಕಳು ಅದೆಷ್ಟು ಊರು ಸುತ್ತಿ ಬಂದವೋ ಬಲ್ಲವರಿಲ್ಲ.

ಬಡಿಯುವವಳನ್ನು ಎಲ್ಲರೂ ರೈಟಕ್ಕ ಎನ್ನುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಕಂಡಕ್ಟರ್ ಆಗಿ ಸೇರಿದಾಗಿನಿಂದ ಅವಳದು ಗಡಿ ರೂಟು. "ರೈಟ್, ರೈಟ್" ಎಂದು ಕೂಗಿ ಕೂಗಿ ಆ ಮಾತು ನಾಲಿಗೆಗೇ ಅಂಟಿಕೊಂಡು, ಉಪ್ಪು ಸಾಕಾ ಎಂದರೂ ರೈಟ್, ಜ್ವರ ಬಿಟ್ಟಿತಾ ಎಂದರೂ ರೈಟ್. ಮದುವೆಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ ಹಾಗೇ ಅಂದಳಂತೆ. "ಅವತ್ತು ಗಾಡಿ ಬಿಟ್ಟವನು ನಾನು, ನಿಲ್ಲಿಸು ಅಂತ ಅವಳು ಇನ್ನೂ ಹೇಳಿಲ್ಲ" ಎನ್ನುತ್ತಿದ್ದ ಅವಳ ಗಂಡ. ಅವನು ಅದೇ ಡಿಪೋದ ಮೆಕ್ಯಾನಿಕ್. ಸದಾ ಯಾವುದೋ ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿರುತ್ತಿದ್ದುದರಿಂದ ಜನರಿಗೆ ಅವನ ಮುಖಕ್ಕಿಂತ ಪಾದಗಳ ಪರಿಚಯವೇ ಹೆಚ್ಚು.

ಗೇಟಿನ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸ್ ಅವರದು. ಒಂದು ಕಿಟಕಿ ಡೀಸೆಲ್ ಪಂಪಿನ ಕಡೆಗೆ, ಇನ್ನೊಂದು ಬಸ್ ತೊಳೆಯುವ ಕಟ್ಟೆಯ ಕಡೆಗೆ. ಹೊಸಿಲ ಮೇಲೆ ಅತ್ತೆ. ಮೊಣಕಾಲು ನೋವಿನ ಆಕೆಗೆ ಡಿಪೋ ಒಂದು ನಾಟಕ, ಹೊಸಿಲು ಮುಂದಿನ ಸಾಲಿನ ಕುರ್ಚಿ. ನೋಡಿದ್ದಕ್ಕೆಲ್ಲ ಒಂದು ಮಾತು ಸೇರಿಸದೆ ಬಿಡುವವಳಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸೊಸೆಯನ್ನು ಆಡಿಕೊಳ್ಳುತ್ತಲೇ ಮನೆಯ ದಿಂಬುಗಳನ್ನು ಒಂದೊಂದಾಗಿ ಬಸ್ಸುಗಳಿಗೆ ಕಳಿಸಿ, ಈಗ ಮಡಚಿದ ಗೋಣಿಚೀಲಕ್ಕೆ ತಲೆಯಿಟ್ಟು ಮಲಗುತ್ತಿದ್ದಳು.

ಬಂದು ಸೇರಿದ್ದ ಹಳ್ಳಿ ಗಡಿ ರೂಟಿನ ಕೊನೆಯ ಸ್ಟಾಪು. ಸೇತುವೆ ದಾಟಿ, ಹಿಟ್ಟಿನ ಗಿರಣಿ ದಾಟಿದರೆ ಸಿಗುವ ತಂಗುದಾಣ. ಅಲ್ಲಿ ಜೇನು ಸಾಕುವ ಗಂಡ ಹೆಂಡತಿ ಇದ್ದರು. ಜೇನುತುಪ್ಪದ ಡಬ್ಬಿಗಳನ್ನು ಪೇಟೆಗೆ ತರುತ್ತಿದ್ದ ಹೆಂಡತಿಗೆ ಬಸ್ಸಿನಲ್ಲಿ ಜೇನಮ್ಮ ಎಂದೇ ಹೆಸರು. ಒಮ್ಮೆ ಡಬ್ಬಿಯ ಹಿಂದೆ ಹುಳುಗಳೂ ಬಸ್ಸು ಹತ್ತಿ, ಜನರೆಲ್ಲ ನಡುದಾರಿಯಲ್ಲಿ ಇಳಿದು ದಿಕ್ಕಾಪಾಲಾಗಿದ್ದರು. ಇವೆಲ್ಲ ಟಿಕೆಟ್ ಇಲ್ಲದೆ ಪ್ರಯಾಣ ಮಾಡ್ತಿವೆ, ಇಳಿಸಮ್ಮ ಎಂದು ರೈಟಕ್ಕ ಅಂದಿದ್ದೇ ಇಬ್ಬರ ಸ್ನೇಹಕ್ಕೆ ಮೊದಲು.

ಗಡಿಯಲ್ಲಿ ಗುಂಡು ಸಿಡಿಯತೊಡಗಿದ ದಿನ ಆ ಹಳ್ಳಿಗೆ ಹೋದ ಕೊನೆಯ ಬಸ್ಸು ರೈಟಕ್ಕನದೇ. ಹೊಲಗಳಾಚೆ ಹೊಗೆ ಏಳುತ್ತಿತ್ತು. ಜನ ಮೆಟ್ಟಿಲಲ್ಲಿ, ಏಣಿಯಲ್ಲಿ, ಬಸ್ಸಿನ ನೆತ್ತಿಯ ಮೇಲೆ. ಜೇನಮ್ಮ ಹೇಗೋ ಒಳಗೆ ಸೇರಿದ್ದಳು. ಅವಳ ಗಂಡ ಮಗಳನ್ನು ಕಿಟಕಿಯಿಂದ ಒಳಗೆ ದಾಟಿಸಿ ಹಿಂದೆ ಸರಿದು ನಿಂತ. ಅವನ ಪಕ್ಕದಲ್ಲಿ, ಮಂಚದ ಮೇಲೆ, ಸೊಂಟದ ಕೆಳಗೆ ಸ್ವಾಧೀನವಿಲ್ಲದ ಅವನ ಅಪ್ಪ. ಮಂಚ ಬಾಗಿಲಲ್ಲಿ ತೂರುವುದಿಲ್ಲ. ಮುದುಕನನ್ನು ಎತ್ತಿ ತರೋಣವೆಂದರೆ ಮೆಟ್ಟಿಲ ಮೇಲಿನ ಜನ ಇಳಿಯಬೇಕು, ಇಳಿಯುವಷ್ಟು ಹೊತ್ತಿಲ್ಲ. ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಅಪ್ಪನನ್ನು ಕೈಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ, ನೀವು ಹೊರಡಿ ಎಂದ ಮಗ.

ಫುಟ್‌ಬೋರ್ಡಿನ ಮೇಲೆ ಒಂಟಿಕಾಲಲ್ಲಿ ನಿಂತಿದ್ದ ರೈಟಕ್ಕ ಅವನಿಗೆ ಕೇಳಿಸುವಂತೆ ಕೂಗಿ ಹೇಳಿದಳು: "ಮುಂದಿನ ಟ್ರಿಪ್ಪಿಗೆ ನಾನೇ ಬರ್ತೀನಿ. ನಾನು ಬರೋಕೆ ಆಗದಿದ್ರೆ ನೀನೇ ಡಿಪೋಗೆ ಬಾ. ಇವರು ಅಲ್ಲೇ ಇರ್ತಾರೆ. ನನ್ನ ಮಾತು."

ಬಸ್ಸು ಈಚೆ ಬಂದ ಮೇಲೆ ಸೈನಿಕರು ಸೇತುವೆ ಮುಚ್ಚಿದರು. ಫೋನುಗಳು ಸತ್ತವು. ಮುಂದಿನ ಟ್ರಿಪ್ಪು ಹೊರಡಲಿಲ್ಲ. ಜೇನಮ್ಮ ಡಿಪೋದ ಗೇಟು ಕಾಣುವಂತೆ ಗುಜರಿ ಬಸ್ಸೊಂದರ ಕಿಟಕಿಯ ಪಕ್ಕ ಮಗಳೊಂದಿಗೆ ಕೂತಳು. ಮುಂದಿನ ಸೀಟಿನ ಮೇಲೆ ಒಂದು ಟವೆಲ್ ಹಾಸಿಟ್ಟಳು. ಬಸ್ಸಿನಲ್ಲಿ ಟವೆಲ್ ಹಾಕಿದ ಸೀಟು ಬೇರೆಯವರದು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಜಾಗಕ್ಕೆ ಎಷ್ಟೇ ಕಷ್ಟವಿದ್ದರೂ ಅದರ ಮೇಲೆ ಯಾರೂ ಕೂರಲಿಲ್ಲ. ಹಾಗೆ ನೋಡಿದರೆ ಪ್ರತಿ ಬಸ್ಸಿನಲ್ಲೂ ಯಾರೋ ಒಬ್ಬರು ಯಾರಿಗೋ ಕಾಯುತ್ತಿದ್ದರು. ಹಿಂದುಳಿದವರಿಗೆಲ್ಲ ಗೊತ್ತಿದ್ದ ವಿಳಾಸ ಒಂದೇ, ಡಿಪೋ.

ಪರಿಹಾರದ ಲಾರಿಗಳು ಬರತೊಡಗಿದವು. ಕಷ್ಟವೂ ಅಲ್ಲಿಂದಲೇ ಶುರುವಾಯಿತು. ಕೊಡಲು ಬಂದವರು ಒಳ್ಳೆಯವರೇ. ಆದರೆ ಲಾರಿಯ ಮೇಲೆ ನಿಂತು ಕೆಳಗಿನ ಕೈಗಳ ಕಾಡನ್ನು ಕಂಡ ಕೂಡಲೇ ಅವರಿಗೆ ಗಾಬರಿಯಾಗುತ್ತಿತ್ತು, ಪೊಟ್ಟಣಗಳನ್ನು ಎಸೆಯುತ್ತಿದ್ದರು. ತೋಳಿನಲ್ಲಿ ಬಲವಿದ್ದವನಿಗೆ ಮೂರು ಕಂಬಳಿ, ಇಲ್ಲದವಳಿಗೆ ಹರಿದ ರಟ್ಟಿನ ಡಬ್ಬ. ಒಂದು ದಿನದ ನೂಕುನುಗ್ಗಲಿನಲ್ಲಿ ಗಿರಣಿ ಪಕ್ಕದ ಮನೆಯ ಅಜ್ಜಿ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಪರಿಹಾರ ಕಚೇರಿಯಿಂದ ನೇಮಕವಾಗಿದ್ದ ಅಧಿಕಾರಿ ಒಬ್ಬ ತರುಣ. ಕೈಯಲ್ಲಿ ಸದಾ ಒಂದು ಕೈಮೈಕು ಇರುತ್ತಿದ್ದುದರಿಂದ ಜನ ಅವನನ್ನು ಮೈಕಪ್ಪ ಎನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಟೈಂಕೀಪರ್ ಕೋಣೆಯ ಕುರ್ಚಿಯಲ್ಲೇ ಮಲಗಿ, ಅಲ್ಲೇ ಎದ್ದು, ಜನರಿಗಿಂತ ಬೇಗ ಸೊರಗುತ್ತಿದ್ದ. ಅಜ್ಜಿಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಅವನು ರೈಟಕ್ಕನನ್ನು ಕರೆದು ವಿಷಯ ಹೇಳಿದ. ಡಿಪೋ ಮುಚ್ಚಿ ಎಲ್ಲರನ್ನೂ ಪೇಟೆಯಾಚೆಯ ಬಯಲಿಗೆ ಕಳಿಸಬೇಕೆಂದು ಮೇಲಿನಿಂದ ಒತ್ತಡವಿದೆ. ಇಲ್ಲಿ ಡೀಸೆಲ್ ಇದೆ, ಶೌಚಾಲಯ ಸಾಲದು, ಈಗ ಜನ ಬೀಳುವುದೂ ಶುರುವಾಗಿದೆ. ಅಲ್ಲಿ ಡೇರೆಗಳು ಖಾಲಿಯಾದ ಹಾಗೆ ಸಂಸಾರಗಳನ್ನು ಹಂಚುತ್ತಾರೆ. ಒಂದೇ ಊರಿನವರು ಒಂದೇ ಕಡೆ ಇರುತ್ತಾರೆಂದು ಹೇಳಲಾಗುವುದಿಲ್ಲ.

"ಆಮೇಲೆ ಅವಳ ಗಂಡ ಗೇಟಿಗೆ ಬಂದ್ರೆ?" ಎಂದಳು ರೈಟಕ್ಕ.

"ಅಲ್ಲಿಗೆ ದಾರಿ ತೋರಿಸೋಕೆ ಒಬ್ಬರನ್ನ ಇಡೋಣ ಅಕ್ಕ."

"ಎಷ್ಟು ದಿನ ಇಡ್ತೀರಿ? ನಿಮ್ಮನ್ನೇ ಬೇರೆ ಕಡೆ ಹಾಕಿದ್ರೆ?"

ಮೈಕಪ್ಪ ಮೈಕನ್ನು ಮೇಜಿನ ಮೇಲೆ ಅತ್ತಿತ್ತ ಹೊರಳಿಸಿದ. ಮೇಲಿನ ಕಚೇರಿಯ ಮೇಡಂ ಮುಂದಿನ ಲಾರಿಯ ದಿನ ಸ್ವತಃ ನೋಡಲು ಬರುತ್ತಾರೆ, ಅವತ್ತು ಒಬ್ಬರಿಗೂ ಪೆಟ್ಟಾಗದೆ, ಒಬ್ಬರಿಗೂ ತಪ್ಪದೆ ಎಲ್ಲ ಮುಟ್ಟಿದರೆ ನಾನೂ ಒಂದು ಮಾತು ಸೇರಿಸಬಹುದು ಎಂದ. ಅದಕ್ಕಿಂತ ಹೆಚ್ಚು ಅವನ ಕೈಯಲ್ಲಿರಲಿಲ್ಲ. ಅವನು ಸುಳ್ಳು ಭರವಸೆ ಕೊಡುವವನಲ್ಲ ಎಂಬುದಷ್ಟೇ ರೈಟಕ್ಕನಿಗೆ ಸಿಕ್ಕ ಧೈರ್ಯ.

ನಡುವೆ ಸಣ್ಣ ಲಾರಿಯೊಂದು ಸೋಪು, ಬಕೀಟು ತಂದಿತು. ಅದರಲ್ಲೇ ಅಭ್ಯಾಸವಾಗಲೆಂದು ರೈಟಕ್ಕ ಹಗ್ಗ ಕಟ್ಟಿ ಸಾಲು ಮಾಡಿಸಿದಳು. ಸಿಳ್ಳೆ ಊದಿದಳು, ಗದರಿದಳು, ಬೇಡಿಕೊಂಡಳು. ಬಕೀಟಿನ ರಾಶಿ ಎತ್ತರವಿರುವವರೆಗೆ ಸಾಲು ಸಾಲಾಗಿಯೇ ಇತ್ತು. ರಾಶಿ ಸೊಂಟದ ಮಟ್ಟಕ್ಕೆ ಇಳಿದದ್ದೇ ತಡ, ಹಿಂದಿದ್ದವರ ಕಣ್ಣಿಗೆ ಅದು ಬಿದ್ದು, ಹಗ್ಗ ಕಿತ್ತುಹೋಯಿತು. ಜೇನಮ್ಮ ಕಿಟಕಿ ಬಿಟ್ಟು ಏಳಲೇ ಇಲ್ಲ, ಅವಳಿಗೆ ಏನೂ ಸಿಗಲಿಲ್ಲ. ರೈಟಕ್ಕ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಹೊಸಿಲ ಮೇಲೆ ಸಿದ್ಧವಾಗಿದ್ದಳು.

"ನಿನ್ನ ಬಸ್ಸಲ್ಲೂ ಜನ ಹೀಗೇ ಬಡಿದಾಡ್ತಾರೇನೆ?"

"ಹತ್ತೋವಾಗ ಬಡಿದಾಡ್ತಾರೆ. ಸೀಟು ಸಿಕ್ಕಿದ ಮೇಲೆ ಯಾಕೆ ಬಡಿದಾಡ್ತಾರೆ?" ಎಂದು ಸಿಡುಕಿ ರೈಟಕ್ಕ ಒಳಗೆ ಹೋದಳು. ತಾನು ಏನು ಹೇಳಿದೆ ಎಂಬುದು ಅವಳ ಕಿವಿಗೇ ಬಿದ್ದಿರಲಿಲ್ಲ.

ಮೇಡಂ ಬರುವ ದಿನ ಬೆಳಗಿನಿಂದ ಮೋಡ ಕವಿದಿತ್ತು. ಅಕ್ಕಿ, ಬೇಳೆ, ಕಂಬಳಿ, ಹಾಲಿನ ಪುಡಿ ತುಂಬಿದ ಲಾರಿ ಗೇಟು ದಾಟುವ ಹೊತ್ತಿಗೆ ಆಕಾಶ ತೂತು ಬಿದ್ದಂತೆ ಮಳೆ ಸುರಿಯಿತು. ಹಗ್ಗದ ಹಿಂದೆ ನಿಂತಿದ್ದ ಜನ ಚೆಲ್ಲಾಪಿಲ್ಲಿಯಾಗಿ ಗುಜರಿ ಬಸ್ಸುಗಳೊಳಗೆ ನುಗ್ಗಿದರು. ಒಳಗೆ ಹೋದವರು ಏನು ಮಾಡಬೇಕು? ಸೀಟುಗಳಿದ್ದವು, ಕೂತರು. ಮೈಕಪ್ಪನ ಮೈಕಿಗೆ ನೀರು ಹೋಗಿ ಅದು ಗೊರಗೊರ ಎಂದು ಸುಮ್ಮನಾಯಿತು. ಲಾರಿಯನ್ನು ಹಿಂದಕ್ಕೆ ಕಳಿಸುವುದೇ, ನಿಲ್ಲಿಸುವುದೇ? ಮೇಡಂ ಎಲ್ಲಿ? ಅವರ ಕಾರು ರಸ್ತೆಯ ನೀರಿನಲ್ಲಿ ಸಿಕ್ಕಿಕೊಂಡಿದೆ ಎಂದು ಯಾರೋ ಹೇಳಿದರು.

ರೈಟಕ್ಕ ವರ್ಕ್‌ಶಾಪಿನ ಸೂರಿನಡಿ ನಿಂತು ನೋಡಿದಳು. ಮಂಜು ಹಿಡಿದ ಗಾಜಿನ ಹಿಂದೆ ಸಾಲು ಸಾಲು ತಲೆಗಳು. ತುಂಬಿದ ಬಸ್ಸು. ತುಂಬಿದ ಬಸ್ಸು ಕಂಡರೆ ಕಂಡಕ್ಟರ್ ಏನು ಮಾಡುತ್ತಾಳೋ ಅದನ್ನೇ ಮಾಡಿದಳು, ಹೋಗಿ ಹತ್ತಿದಳು. ಹೋಗುವ ಮುನ್ನ ಗಂಡನ ಪಾದಗಳಿಗೆ ಒಂದು ಮಾತು ಹೇಳಿದಳು. ಅವನು ಎದ್ದು ಬಂದು, ಜೊತೆಯ ಮೆಕ್ಯಾನಿಕ್ಕುಗಳನ್ನೆಲ್ಲ ಕರೆದು, ಲಾರಿಯಿಂದ ಬಸ್ಸಿನ ಹಿಂಬಾಗಿಲವರೆಗೆ ಟಾರ್ಪಾಲಿನಡಿ ಕೈಯಿಂದ ಕೈಗೆ ಪೊಟ್ಟಣ ದಾಟಿಸುವ ಸಾಲು ಮಾಡಿದ. ಮೈಕು ಬಿಸಾಡಿ ಮೈಕಪ್ಪನೂ ಆ ಸಾಲಿನಲ್ಲಿ ನಿಂತ.

ಹಿಂಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೈಗೆ ಪಟ್ಟಿ ಕಟ್ಟಿದ ಅಜ್ಜಿ ಕೂತಿದ್ದಳು. ಒದ್ದೆ ತಲೆ ಒರೆಸಿಕೊಳ್ಳುತ್ತ ರೈಟಕ್ಕ ಅವಳ ಮುಂದೆ ಬಾಗಿದಳು. ಇಷ್ಟು ವರ್ಷಗಳ ಅಭ್ಯಾಸ; ಬಾಯಿ ತಾನಾಗಿ ತೆರೆದುಕೊಂಡಿತು.

"ಎಲ್ಲಿಗೆ?"

ಅಂದ ಮೇಲೆ ಅವಳಿಗೆ ತಾನು ಏನು ಕೇಳಿದೆ ಎಂದು ಗೊತ್ತಾಯಿತು. ತಗಡಿನ ಮೇಲೆ ಮಳೆಯ ಸದ್ದೊಂದೇ. ಮನೆ ಬಿಟ್ಟು ಬಂದವರನ್ನು, ನಿಂತ ಬಸ್ಸಿನಲ್ಲಿ, ಎಲ್ಲಿಗೆ ಎಂದು ಕೇಳಿಬಿಟ್ಟಿದ್ದಳು. ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಬೇಕೆಂದಿದ್ದಾಗ ಅಜ್ಜಿ ತಲೆಯೆತ್ತಿದಳು.

"ಇನ್ನೆಲ್ಲಿಗೆ ಹೋಗ್ತಾರೆ ಈ ವಯಸ್ಸಲ್ಲಿ? ಗಿರಣಿ ಪಕ್ಕದ ಮನೆಗೆ. ಒಂದು ಫುಲ್ಲು ಕೊಡು" ಎಂದು ಅಜ್ಜಿ ಪಟ್ಟಿಯಿಲ್ಲದ ಕೈ ಚಾಚಿದಳು.

ಯಾರೋ ಮೂಗಿನಲ್ಲಿ ನಕ್ಕರು. ಆ ನಗು ಸೀಟಿನಿಂದ ಸೀಟಿಗೆ ಹರಿಯಿತು. ರೈಟಕ್ಕ ಅಜ್ಜಿಯ ಮಡಿಲಲ್ಲಿ ಅಕ್ಕಿಬೇಳೆಯ ಪೊಟ್ಟಣ, ಕಂಬಳಿ ಇಟ್ಟು ಮುಂದಿನ ಸೀಟಿಗೆ ಬಂದಳು. ಅಲ್ಲಿದ್ದವಳು ಕೇಳುವ ಮೊದಲೇ ಹೇಳಿದಳು, ಶಾಲೆ ಹಿಂದಿನ ಓಣಿ, ಎರಡು ಫುಲ್ಲು, ಎರಡು ಹಾಫು. ದೊಡ್ಡವರಿಗೆ ಅಕ್ಕಿಬೇಳೆ, ಮಕ್ಕಳಿಗೆ ಹಾಲಿನ ಪುಡಿ; ಪದ್ಧತಿ ತಾನೇ ಹುಟ್ಟಿಕೊಂಡಿತು. ಬಾವಿ ಮುಂದಿನ ಮನೆ, ಒಂದು ಫುಲ್ಲು. ಹುಣಿಸೆಮರದ ಹತ್ತಿರ, ಮೂರು ಫುಲ್ಲು, ಒಂದು ಹಾಫು. ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದಿದ್ದ ಊರು ಓಣಿ ಓಣಿಯಾಗಿ ಆ ಬಸ್ಸಿನೊಳಗೆ ಎದ್ದು ನಿಂತಿತು. ಒಬ್ಬ ಕುರಿಗಾಹಿ ಆರು ಫುಲ್ಲು ಎಂದ. ಹಿಂದಿನ ಸೀಟಿನಿಂದ ಅವನ ಭಾವಮೈದುನನೇ ಕೇಳಿದ: "ಮನೇಲಿ ಇರೋರು ಇಬ್ಬರು. ಉಳಿದ ನಾಲ್ಕು ಟಿಕೆಟ್ಟು ಕುರಿಗಾ ಭಾವ?" ಬಸ್ಸೆಲ್ಲ ಘೊಳ್ಳೆಂದಿತು. ಕುರಿಗಾಹಿಯೂ ನಕ್ಕು, ಕುರಿಗಳು ಮೇಲೆ ಹತ್ತಿವೆ, ಅವಕ್ಕೆ ಲಗೇಜಿನ ಲೆಕ್ಕ ಎಂದು ಎರಡನ್ನೇ ತೆಗೆದುಕೊಂಡ.

ರಾಶಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾಣುತ್ತಿದ್ದುದು ತಮ್ಮತ್ತ ಬರುತ್ತಿದ್ದ ರೈಟಕ್ಕ ಮಾತ್ರ. ಬಂದೇ ಬರುತ್ತಾಳೆ ಎಂಬುದು ಬಸ್ಸು ಹತ್ತಿದ ಯಾರಿಗೆ ತಾನೆ ಗೊತ್ತಿಲ್ಲ? ಎಷ್ಟು ನೂಕಿದರೂ ಕಂಡಕ್ಟರ್ ತನ್ನ ಸರದಿ ಬಿಟ್ಟು ಮುಂದಿನ ಸೀಟಿಗೆ ಹಾರುವುದಿಲ್ಲ.

ಜೇನಮ್ಮನ ಬಸ್ಸಿಗೆ ಬಂದಾಗ ಮಳೆ ಇನ್ನೂ ಜೋರಾಗಿತ್ತು. ಜೇನಮ್ಮ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಕೊನೇ ಸ್ಟಾಪು. ಮೂರು ಫುಲ್ಲು, ಒಂದು ಹಾಫು."

ಅವಳ ಜೊತೆ ಇದ್ದವಳು ಮಗಳೊಬ್ಬಳೇ ಎಂದು ಎಲ್ಲರಿಗೂ ಗೊತ್ತಿತ್ತು. ಈ ಸಲ ಯಾರೂ ನಗಲಿಲ್ಲ. ರೈಟಕ್ಕ ಟವೆಲ್ ಹಾಸಿದ ಸೀಟನ್ನು ನೋಡಿದಳು.

"ಕೊಡಕ್ಕ" ಎಂದ ಹಿಂದಿನಿಂದ, ಪೊಟ್ಟಣ ಹೊರಲು ಅವಳ ಜೊತೆ ಬಂದಿದ್ದ ಕುರಿಗಾಹಿಯ ಭಾವಮೈದುನ, ಮೆತ್ತಗೆ. "ಸೀಟು ಹಿಡಿದಿದಾಳಲ್ಲ."

ರೈಟಕ್ಕ ತಾಯಿ ಮಗಳ ಪಾಲನ್ನು ಜೇನಮ್ಮನ ಮಡಿಲಲ್ಲಿಟ್ಟು, ಉಳಿದ ಎರಡು ಪೊಟ್ಟಣಗಳನ್ನು ಟವೆಲ್ಲಿನ ಮೇಲೆ ಜೋಡಿಸಿಟ್ಟು ಮುಂದೆ ನಡೆದಳು.

ಅದೇ ಬಸ್ಸಿನ ಮುಂದಿನ ತುದಿಯಲ್ಲಿ, ಡ್ರೈವರ್ ಸೀಟಿನ ಹಿಂದೆ, ತೊಯ್ದು ತೊಪ್ಪೆಯಾದ ಹೆಂಗಸೊಬ್ಬಳು ನಡುಗುತ್ತ ಕೂತಿದ್ದಳು. ಮುಖ ಪರಿಚಯವಿಲ್ಲ. ಈಚೆಗೆ ಬೇರೆ ಹಳ್ಳಿಗಳಿಂದಲೂ ಒಬ್ಬೊಬ್ಬರು ಬರುತ್ತಿದ್ದರು.

"ಎಲ್ಲಿಗಮ್ಮ?"

ಹೆಂಗಸು ತಡಬಡಿಸಿದಳು. "ನಾನು... ಇಲ್ಲೇ, ಪೇಟೆಗೆ."

"ಪೇಟೇಲೇ ಇದೀವಿ. ಯಾವ ಕಡೆಯವರು?" ಹೆಂಗಸು ಒದ್ದೆ ಬಟ್ಟೆಯ ತುದಿ ಹಿಂಡತೊಡಗಿದಳು. ರೈಟಕ್ಕ ದನಿ ತಗ್ಗಿಸಿದಳು. "ಹೇಳೋಕೆ ಆಗದಿದ್ರೆ ಬೇಡ. ಒಬ್ಬರೇ ಅಲ್ವಾ? ಹಿಡ್ಕೊಳಿ." ಪೊಟ್ಟಣವನ್ನು ಅವಳ ಮಡಿಲಿಗಿಟ್ಟು, ಕಂಬಳಿ ಬಿಚ್ಚಿ ಹೆಗಲ ಮೇಲೆ ಹೊದಿಸಿ, ಕುತ್ತಿಗೆಯ ಬಳಿ ಗಾಳಿ ಹೋಗದಂತೆ ಸಿಕ್ಕಿಸಿದಳು.

ಆಗ ಮುಂಬಾಗಿಲಿನಿಂದ ಹತ್ತಿದ ಮೈಕಪ್ಪ ಆ ಹೆಂಗಸನ್ನು ನೋಡಿ ಒಂದು ಮೆಟ್ಟಿಲು ಕೆಳಗೆ ಜಾರಿದ. "ಮೇಡಂ, ನೀವು ಯಾವಾಗ ಬಂದ್ರಿ?"

ರೈಟಕ್ಕ ಮೇಡಂ ಮುಖ ನೋಡಿದಳು, ಮಡಿಲ ಪೊಟ್ಟಣ ನೋಡಿದಳು, ಕೈ ಚಾಚಿದಳು.

"ಹಾಗಾದ್ರೆ ಅದನ್ನ ವಾಪಸ್ಸು ಕೊಡಿ ಮೇಡಂ. ಕೊನೇ ಬಸ್ಸಿಗೆ ಒಂದು ಕಮ್ಮಿ ಬೀಳುತ್ತೆ."

ಮೇಡಂ ಕೊಟ್ಟರು. ಕಂಬಳಿ ಮಾತ್ರ ಮಳೆ ನಿಲ್ಲುವವರೆಗೆ ಇರಲಿ ಎಂದು ಕೇಳಿಕೊಂಡರು.

ಆ ದಿನ ಒಬ್ಬರ ಕಾಲನ್ನೂ ಯಾರೂ ತುಳಿಯಲಿಲ್ಲ. ಕೊನೆಯ ಬಸ್ಸಿನ ಕೊನೆಯ ಸೀಟಿಗೂ ಮುಟ್ಟಿತು. ಟೈಂಕೀಪರ್ ಕೋಣೆಯಲ್ಲಿ, ಕಂಬಳಿ ಹೊದ್ದು, ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಮೇಡಂ ಕೂತಿದ್ದರು. ಬಾಗಿಲ ಬಳಿ ರೈಟಕ್ಕ, ಅವಳ ಹಿಂದೆ ಗಂಡ, ಗಂಡನ ಹಿಂದೆ ಮೊಣಕಾಲು ನೋವನ್ನು ಮರೆತು ನಡೆದುಬಂದಿದ್ದ ಅತ್ತೆ.

"ಇಷ್ಟು ವರ್ಷ ಕೊಡೋ ಕೆಲಸ ಮಾಡಿದೀನಿ" ಎಂದರು ಮೇಡಂ. "ತಗೊಂಡಿದ್ದು ಇವತ್ತೇ ಮೊದಲು. ಕೂತಲ್ಲಿಗೇ ಬಂತು. ನನಗೆ ಚೂರೂ ನಾಚಿಕೆ ಆಗಲಿಲ್ಲ."

ಡೀಸೆಲ್ ಪಂಪಿನ ಸುತ್ತ ಬೇಲಿ ಹಾಕಿಸಬೇಕು, ತೊಳೆಯುವ ಕಟ್ಟೆಯ ಹಿಂದೆ ಶೌಚಾಲಯ ಕಟ್ಟಿಸಬೇಕು, ಅದರ ಹೊಣೆ ಮೈಕಪ್ಪನದು. ಸೇತುವೆ ತೆರೆಯುವವರೆಗೆ ಈ ಊರು ಇಲ್ಲೇ ಇರಲಿ ಎಂದರು. ಎಲ್ಲರೂ ರೈಟಕ್ಕನ ಬಾಯಿಯನ್ನೇ ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಅವಳಿಗೆ ಆ ಒಂದು ಮಾತು ಹೊರಡಲಿಲ್ಲ. ಅತ್ತೆಯೇ ಹಿಂದಿನಿಂದ "ರೈಟ್" ಎಂದಳು.

ಬೇಲಿ ಬಂತು, ಶೌಚಾಲಯ ಬಂತು. ಲಾರಿ ಬಂದ ದಿನ ಜನ ತಾವಾಗಿ ಬಸ್ಸು ಹತ್ತಿ ಕೂರುತ್ತಿದ್ದರು. ಪೊಟ್ಟಣಗಳನ್ನು ಎಸೆಯುತ್ತಿದ್ದ ಸ್ವಯಂಸೇವಕರು ಈಗ ಸೀಟಿನಿಂದ ಸೀಟಿಗೆ ಬಾಗುವುದನ್ನು ಕಲಿತಿದ್ದರು, ಎಲ್ಲಿಗೆ ಎಂದು ಕೇಳಿ ಇಲ್ಲದ ಊರಿನ ಓಣಿಗಳೆಲ್ಲ ಅವರಿಗೂ ಬಾಯಿಪಾಠವಾಗಿದ್ದವು. ಬಿಸಿಲು ಏರಿತು, ಇಳಿಯಿತು. ಗುಂಡಿನ ಸುದ್ದಿ ಕಡಿಮೆಯಾಗುತ್ತ ಬಂದು ಒಂದು ದಿನ ನಿಂತಿತು. ಔಷಧದ ಲಾರಿಗಳಿಗೆ ಸೇತುವೆ ಮೊದಲು ತೆರೆಯಿತು.

ಹಾಗೆ ಆಚೆ ಹೋಗಿ ಬಂದ ಲಾರಿಯ ಡ್ರೈವರ್ ಒಂದು ಮಧ್ಯಾಹ್ನ ಗೇಟಿನಲ್ಲಿ ಇಳಿದು, ಇಲ್ಲಿ ಜೇನಿನವರ ಮನೆಯವರು ಯಾರು ಎಂದು ಕೇಳಿದ. ಕಿಟಕಿಯಲ್ಲಿ ಕೂತಿದ್ದ ಜೇನಮ್ಮ ಎದ್ದು ನಿಂತಳು. ಡ್ರೈವರ್ ಹೇಳಿದ್ದು ಇಷ್ಟು: ಗಿರಣಿಯ ನೆಲಮಾಳಿಗೆಯಲ್ಲಿ ಕೆಲವರು ಬದುಕಿ ಉಳಿದಿದ್ದಾರೆ. ಅವರಲ್ಲೊಬ್ಬ ದಿನಾ ಬೆಳಿಗ್ಗೆ ಅಪ್ಪನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಾನೆ. ಲಾರಿ ಹತ್ತು ಎಂದರೆ ಹತ್ತಲಿಲ್ಲ. ಔಷಧದ ಲಾರಿಯ ಹಿಂಬದಿಯಲ್ಲಿ ಅಪ್ಪನ ಸೊಂಟ ತಡೆಯುವುದಿಲ್ಲ, ನಮ್ಮ ಬಸ್ಸು ಬರುತ್ತದೆ, ಕಂಡಕ್ಟರ್ ಅಕ್ಕ ಮಾತು ಕೊಟ್ಟಿದ್ದಾಳೆ ಎಂದನಂತೆ.

ಬಸ್ಸುಗಳಿಗೆ ಅಪ್ಪಣೆ ಸಿಗುವವರೆಗೆ ರೈಟಕ್ಕನ ಗಂಡ ಅವಳ ಹಳೆಯ ಗಡಿ ರೂಟಿನ ಬಸ್ಸಿನ ಅಡಿಯಿಂದ ಹೊರಗೆ ಬರಲಿಲ್ಲ. ಊಟವೂ ಅಲ್ಲಿಗೇ ಹೋಗುತ್ತಿತ್ತು. ಅಪ್ಪಣೆ ಬಂದ ಬೆಳಿಗ್ಗೆ ಎಂಜಿನ್ ಮೊದಲ ತಿರುವಿಗೇ ಎದ್ದಿತು. ಡಿಪೋದ ಜನವೆಲ್ಲ ಗೇಟಿನ ಇಕ್ಕೆಲದಲ್ಲಿ ನಿಂತು ಕಳಿಸಿಕೊಟ್ಟರು.

ಕೊನೆಯ ಸ್ಟಾಪಿನ ತಂಗುದಾಣಕ್ಕೆ ಸೂರು ಉಳಿದಿರಲಿಲ್ಲ. ಅದರ ಗೋಡೆಯ ನೆರಳಲ್ಲಿ ಕೈಗಾಡಿ, ಕೈಗಾಡಿಯಲ್ಲಿ ಮುದುಕ, ಪಕ್ಕದಲ್ಲಿ ಗಡ್ಡ ಬೆಳೆದ ಮಗ. ಬಸ್ಸು ನಿಂತಿತು. ಗಡ್ಡದವನು ರೈಟಕ್ಕನನ್ನು ಮೇಲಿಂದ ಕೆಳಗೆ ನೋಡಿದ.

"ಸ್ವಲ್ಪ ಲೇಟಾಯ್ತಲ್ಲ ಅಕ್ಕ" ಎಂದ.

"ಸೇತುವೆ ಹತ್ತಿರ ಟ್ರಾಫಿಕ್ಕು" ಎಂದಳು ರೈಟಕ್ಕ.

ಬಸ್ಸು ಮರಳಿ ಗೇಟಿನೊಳಗೆ ಬಂದಾಗ ಡಿಪೋದಲ್ಲಿ ಕೂತವರು ಒಬ್ಬರೂ ಇರಲಿಲ್ಲ. ಹಾರ್ನ್ ಸದ್ದಿಗೆ ವರ್ಕ್‌ಶಾಪಿನವರು ಸ್ಪ್ಯಾನರುಗಳನ್ನು ಕಂಬಕ್ಕೆ ಬಡಿದರು. ಮಕ್ಕಳು ಬಸ್ಸಿನ ಜೊತೆ ಓಡಿದವು. ಜೇನಮ್ಮನ ಗಂಡ ಬಸ್ಸು ನಿಲ್ಲುವ ಮೊದಲೇ ಇಳಿದಿದ್ದ. ಮಗಳು ಅವನ ಗಡ್ಡಕ್ಕೆ ಹೆದರಿ ಅಮ್ಮನ ಹಿಂದೆ ಅಡಗಿದಳು. ಆಮೇಲೆ ದನಿ ಕೇಳಿ ಹೊರಬಂದು, ಗಡ್ಡವನ್ನೇ ಹಿಡಿದು ಜೋತುಬಿದ್ದಳು. ಜೇನಮ್ಮ ಗಂಡನ ತೋಳನ್ನು ಮುಟ್ಟಿ ಮುಟ್ಟಿ ನೋಡುತ್ತ, ಎಷ್ಟು ಕಪ್ಪಗಾಗಿದ್ದೀಯಾ ಎಂದು ಬೈಯುತ್ತಿದ್ದಳು. ಅತ್ತೆ ಹೊಸಿಲ ಮೇಲೆ ಎದ್ದು ನಿಂತು, ಕಂಡವರಿಗೆಲ್ಲ ನನ್ನ ಸೊಸೆ, ನನ್ನ ಸೊಸೆ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು.

ಮೈಕಪ್ಪ ರೈಟಕ್ಕನನ್ನು ಫುಟ್‌ಬೋರ್ಡಿನ ಬಳಿಯೇ ಹಿಡಿದ. ಪೇಟೆಯಾಚೆಯ ಬಯಲಿನಲ್ಲೂ ಇದೇ ಪದ್ಧತಿ ತರಬೇಕೆಂದು ಮೇಡಂ ಹೇಳಿದ್ದಾರೆ, ಅಲ್ಲಿಯವರಿಗೆ ತೋರಿಸಿಕೊಡಲು ಅವಳೇ ಹೋಗಬೇಕಂತೆ. ಆದರೆ ಅಲ್ಲಿ ಬಸ್ಸುಗಳಿಲ್ಲ, ಬೆಂಚು ಹಾಕಿಸುತ್ತಾರೆ.

"ಎದುರುಬದುರು ಹಾಕಿಸ್ಲಾ ಅಕ್ಕ, ಸುತ್ತಲೂನಾ?"

"ಬೇಡ. ಎಲ್ಲರ ಮುಖವೂ ಒಂದೇ ಕಡೆಗೆ ಇರಲಿ. ಎದುರುಬದುರು ಕೂತ್ರೆ ಒಬ್ಬರ ಮಡಿಲಿಗೆ ಎಷ್ಟು ಬಿತ್ತು ಅಂತ ಇನ್ನೊಬ್ಬರು ನೋಡ್ತಾರೆ. ನಡುವೆ ಒಬ್ಬರು ಓಡಾಡೋ ಅಷ್ಟು ದಾರಿ ಬಿಡಿ. ಮತ್ತೆ ಕೊಡೋವಾಗ..."

ಬಸ್ಸಿನ ಹಿಂಬಾಗಿಲಲ್ಲಿ ಗಲಾಟೆ ಎದ್ದಿತ್ತು. ಮುದುಕನನ್ನು ಇಳಿಸಲು ಊರಿಗೆ ಊರೇ ಮುಂದೆ ಬಂದಿತ್ತು. ಕಾಲು ಮೊದಲು ಎಂದು ಕುರಿಗಾಹಿ, ತಲೆ ಮೊದಲು ಎಂದು ಅವನ ಭಾವಮೈದುನ, ಕಿಟಕಿ ಕಿತ್ತರೆ ಸುಲಭ ಎಂದು ಒಬ್ಬ ಮೆಕ್ಯಾನಿಕ್. ಇವರೆಲ್ಲರ ಕೈಗಳ ನಡುವೆ ಮುದುಕ, ನನ್ನನ್ನ ಬೀಳಿಸಿ ಸಾಯಿಸೋಕೇ ಇಷ್ಟು ದೂರ ಕರಕೊಂಡು ಬಂದಿರೇನ್ರೋ ಎಂದು ಬೈಯುತ್ತಿದ್ದ.

"ಕೊಡೋವಾಗ ಏನು ಅಕ್ಕ?" ಎಂದ ಮೈಕಪ್ಪ.

ರೈಟಕ್ಕ ಅಲ್ಲಿರಲಿಲ್ಲ. ಮೆಟ್ಟಿಲ ಮೇಲಿನವರನ್ನೆಲ್ಲ ಒಬ್ಬೊಬ್ಬರಾಗಿ ಕೆಳಗಿಳಿಸುತ್ತ, ಯಾವ ಅವಸರವೂ ಇಲ್ಲದವಳಂತೆ, ಅವಳು ಮುದುಕನ ಕಡೆಗೆ ನಡೆದಿದ್ದಳು.